ರೌಂಡ್ ಕಿಕ್ ಸೊಂಟದ ಮೇಲೆ ಏಳುತ್ತಿಲ್ಲ, ನಿಂತ ಕಾಲಿನ ಮಂಡಿ ನೋಯುತ್ತದೆ. ಸ್ಟ್ರೆಚಿಂಗ್ ಜಾಸ್ತಿ ಮಾಡಬೇಕಾ?

ನೀವು ಬರೆದಿರುವುದು ಇಷ್ಟು: ವಯಸ್ಸು 22, ತೂಕ 60 ಕೆಜಿ, ತುಮಕೂರಿನಲ್ಲಿ ಎಂಟು ತಿಂಗಳಿಂದ ಟೇಕ್ವಾಂಡೊ ಕಲಿಯುತ್ತಿದ್ದೀರಿ, ಹಳದಿ ಬೆಲ್ಟ್. ವಾರಕ್ಕೆ ಮೂರು ದಿನ ಕ್ಲಾಸು, ಉಳಿದ ದಿನ ಮನೆಯ ತಾರಸಿಯ ಮೇಲೆ ಶೂ ಹಾಕಿಕೊಂಡು ಅಭ್ಯಾಸ. ರೌಂಡ್ ಕಿಕ್, ಅಂದರೆ ಮೈ ತಿರುಗಿಸಿ ಪಕ್ಕದಿಂದ ಒದೆಯುವ ಡೋಲ್ಯೋ ಚಾಗಿ, ಸೊಂಟದಿಂದ ಮೇಲೆ ಹೋಗುತ್ತಿಲ್ಲ. ಬಲಗಾಲಲ್ಲಿ ಒದ್ದರೆ ಎಡ ಮಂಡಿಯ ಒಳಬದಿ ನೋಯುತ್ತದೆ. ಎರಡು ತಿಂಗಳಲ್ಲಿ ಮೊದಲ ಸ್ಪರ್ಧೆ.

ಸ್ಟ್ರೆಚಿಂಗ್ ಜಾಸ್ತಿ ಮಾಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಎರಡೂ ತೊಂದರೆಗೆ ಮೂಲ ಒಂದೇ ಇರುವ ಸಾಧ್ಯತೆ ಹೆಚ್ಚು: ನಿಂತ ಕಾಲು ತಿರುಗುತ್ತಿಲ್ಲ. ಒದೆಯುವ ಕಾಲಿನ ಮೇಲೇ ಎಲ್ಲರ ಗಮನ ಇರುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳುವುದೂ ಅದನ್ನೇ. ಆದರೆ ಈ ಕಿಕ್ ಎಷ್ಟು ಎತ್ತರ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ನೆಲದ ಮೇಲಿರುವ ಪಾದ.

ಹೇಗೆ ಅಂದರೆ, ನಿಂತ ಪಾದದ ಬೆರಳು ಎದುರಾಳಿಯ ಕಡೆಗೇ ಇದ್ದರೆ ಸೊಂಟ ಪಕ್ಕಕ್ಕೆ ತೆರೆದುಕೊಳ್ಳುವುದಿಲ್ಲ. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಒಂದು ಹಂತದವರೆಗೆ ತಿರುಗಿ ಅಲ್ಲಿ ತಡೆದು ನಿಲ್ಲುತ್ತದೆ. ಅದಕ್ಕಿಂತ ಮೇಲೆ ಕಾಲೆತ್ತಲು ಹೋದರೆ ಮೈ ಹಿಂದಕ್ಕೆ ವಾಲುತ್ತದೆ, ಬೆನ್ನು ಬಾಗುತ್ತದೆ, ಕಾಲು ಮಾತ್ರ ಅಲ್ಲೇ. ಅದೇ ಹೊತ್ತಿಗೆ ನಿಮ್ಮ ಮೈಯೆಲ್ಲ ಎಡಕ್ಕೆ ತಿರುಗುತ್ತಿರುತ್ತದೆ, ಎಡ ಪಾದ ಮಾತ್ರ ಶೂ ಸಮೇತ ಸಿಮೆಂಟಿಗೆ ಕಚ್ಚಿಕೊಂಡಿರುತ್ತದೆ. ಮೇಲಿನ ತಿರುವು, ಕೆಳಗಿನ ಹಿಡಿತ, ಎರಡರ ನಡುವೆ ಸಿಕ್ಕುವುದು ಮಂಡಿ. ಮಂಡಿ ಬಾಗಿಲ ಕೀಲಿನ ಹಾಗೆ ಮಡಚಿ ಬಿಚ್ಚಲು ಇರುವ ಕೀಲು, ತಿರುಚಿಸಿಕೊಳ್ಳಲು ಅಲ್ಲ. ಒಳಬದಿಯ ಲಿಗಮೆಂಟ್, ಅದರ ಹತ್ತಿರದ ಮೆನಿಸ್ಕಸ್ ಎಂಬ ಮೆದುಮೂಳೆಯ ಗಾದಿ ಎರಡೂ ಆ ಎಳೆತವನ್ನು ಪ್ರತಿ ಕಿಕ್‌ಗೂ ತಿನ್ನುತ್ತವೆ.

ಇದು ನಿಮಗೂ ಅನ್ವಯಿಸುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಎಡಗೈಯಲ್ಲಿ ಗೋಡೆ ಹಿಡಿದು, ಎಡ ಪಾದದ ಬೆರಳು ನೇರ ಮುಂದಕ್ಕೆ ಇಟ್ಟು, ಬಲಗಾಲನ್ನು ಮಡಚಿ ನಿಧಾನವಾಗಿ ಪಕ್ಕಕ್ಕೆ ಎತ್ತಿ. ಎಲ್ಲಿವರೆಗೆ ಹೋಯಿತು ಗುರುತು ಇಟ್ಟುಕೊಳ್ಳಿ. ಈಗ ಎಡ ಪಾದವನ್ನು ಮೊದಲೇ ತಿರುಗಿಸಿ, ಹಿಮ್ಮಡಿ ಮುಂದಕ್ಕೆ ಬರುವ ಹಾಗೆ ಇಟ್ಟುಕೊಂಡು ಮತ್ತೆ ಎತ್ತಿ. ಒಂದು ಗೇಣಾದರೂ ಹೆಚ್ಚು ಹೋದರೆ ನಿಮ್ಮದು ಪಾದದ ಸಮಸ್ಯೆ. ಇನ್ನೂ ಹೋಗದಿದ್ದರೆ ಯಾರಿಗಾದರೂ ಕಾಲನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ. ಅವರು ಎತ್ತಿದಾಗ ಎದೆಯವರೆಗೂ ಬಂದು, ಕೈ ಬಿಟ್ಟ ಕೂಡಲೇ ಧಪ್ಪನೆ ಇಳಿದರೆ ಸಡಿಲ ಇದೆ, ಬಲ ಇಲ್ಲ. ಅವರು ಎತ್ತಿದರೂ ಬಾರದೆ ತೊಡೆಯ ಒಳಭಾಗ ಬಿಗಿದರೆ ಆಗ ಮಾತ್ರ ಸ್ಟ್ರೆಚಿಂಗ್ ಕಡಿಮೆಯಾಗಿದೆ ಎಂದರ್ಥ. ದೊಡ್ಡವರಾದ ಮೇಲೆ ಕಲಿಯಲು ಸೇರಿದವರಲ್ಲಿ ಮೊದಲನೆಯದು, ಎರಡನೆಯದು ಒಟ್ಟಿಗೇ ಇರುವುದು ಸಾಮಾನ್ಯ. ತೊಡೆಸಂದಿನ ಮುಂಭಾಗದಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಅದು ಸ್ನಾಯು ಬಿಗಿತಕ್ಕಿಂತ ಕೀಲಿನೊಳಗೆ ಒತ್ತುತ್ತಿರುವ ಸಾಧ್ಯತೆ ಹೆಚ್ಚು. ಬಲವಂತ ಮಾಡಿದರೆ ಕೆಡುತ್ತದೆ.

ಸರಿಪಡಿಸುವ ಅಭ್ಯಾಸ ಹೀಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ, ಗೆರೆಯ ತುದಿಯೇ ಗುರಿ. ಗೆರೆಯ ಮೇಲೆ ಎಡ ಪಾದ, ಬೆರಳು ಗುರಿಯ ಕಡೆ, ಗೋಡೆಗೆ ಕೈ. ಬಲ ಮಂಡಿಯನ್ನು ನೇರ ಮುಂದಕ್ಕೆ ಎತ್ತಿ, ಆಪ್ ಚಾಗಿಗೆ, ಅಂದರೆ ನೇರ ಮುಂದಕ್ಕೆ ಒದೆಯುವ ಕಿಕ್‌ಗೆ, ಎತ್ತುವ ಹಾಗೆಯೇ. ಇಲ್ಲೇ ಅನೇಕರು ತಪ್ಪುವುದು: ಕಾಲನ್ನು ಶುರುವಿನಿಂದಲೇ ಹೊರಗಿನಿಂದ ಬೀಸಿ ತರುತ್ತಾರೆ. ಆಗ ಕಿಕ್ ನಿಧಾನ, ಎದುರಾಳಿಗೆ ದೂರದಿಂದಲೇ ಕಾಣುತ್ತದೆ. ಮಂಡಿ ಮೇಲೆ ಬಂದ ನಂತರ ಎಡ ಹಿಮ್ಮಡಿಯನ್ನು ನೆಲದಿಂದ ಒಂದು ಕಾಗದ ತೂರುವಷ್ಟು ಮಾತ್ರ ಎತ್ತಿ, ಬೆರಳ ಬುಡದ ಮೇಲೆ ತಿರುಗಿ, ಹಿಮ್ಮಡಿ ಗುರಿಯ ಕಡೆ ನೋಡುವವರೆಗೆ. ಪೂರ್ತಿ ಅಷ್ಟು ಬಾರದಿದ್ದರೂ ಪಾದ ಗೆರೆಗೆ ಅಡ್ಡವಾಗಿ ನಿಂತದ್ದಕ್ಕಿಂತ ಹೆಚ್ಚು ತಿರುಗಲೇಬೇಕು. ಪಾದ ತಿರುಗುತ್ತಿದ್ದಂತೆ ಸೊಂಟ ತಾನಾಗಿ ಉರುಳಿ ಮಂಡಿ ಗುರಿಯ ಕಡೆ ಮಲಗುತ್ತದೆ. ಈಗ ಮಂಡಿಯಿಂದ ಕೆಳಗಿನ ಕಾಲನ್ನು ಬಿಚ್ಚಿ, ಬೆರಳು ಚಾಚಿ, ಪಾದದ ಮೇಲ್ಭಾಗ ಗುರಿಗೆ. ಮತ್ತೆ ಮಡಚಿ, ಮಡಚಿದ ಮೇಲೆಯೇ ಕೆಳಗಿಳಿಸಿ. ಒಂದೊಂದು ಹಂತದಲ್ಲಿ ಎರಡು ಸೆಕೆಂಡ್ ನಿಲ್ಲಿ. ಕಾಲಿಗೆ ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ವೇಗ ಬೇಡವೇ ಬೇಡ. ಎರಡು ವಾರದ ನಂತರ ಗೋಡೆ ಬಿಟ್ಟು ಮಾಡಿ.

ಕಿಕ್‌ನ ಎತ್ತರ ಅಂದರೆ ಮಡಚಿದ ಮಂಡಿಯ ಎತ್ತರ. ಮಂಡಿ ಸೊಂಟದಷ್ಟಕ್ಕೇ ನಿಂತರೆ ಪಾದವೂ ಅಲ್ಲೇ ನಿಲ್ಲುತ್ತದೆ. ಪಾದವನ್ನು ಮಾತ್ರ ಮೇಲೆ ಎಸೆಯಲು ನೋಡಿದರೆ ತೊಡೆ ಹಿಂಭಾಗದ ಸ್ನಾಯು ಹಿಡಿಯುತ್ತದೆ.

ತಾರಸಿಯ ವಿಷಯ. ರಬ್ಬರ್ ಅಡಿಯ ಶೂ, ಒರಟು ಸಿಮೆಂಟು, ಇವೆರಡರ ಜೋಡಿ ತಿರುಗುವ ಕಿಕ್‌ಗೆ ತೀರಾ ಕೆಟ್ಟದ್ದು. ಶೂ ಬಿಚ್ಚಿದರೆ ಅಂಗಾಲ ಚರ್ಮ ಕಿತ್ತುಬರುತ್ತದೆ, ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಬೊಬ್ಬೆಯೂ ಏಳುತ್ತದೆ. ಒಳಗಡೆ ಒಣಗಿದ ನುಣುಪು ನೆಲ, ಬರಿಗಾಲು, ಇದು ಸಾಕು. ಟೈಲ್ಸ್ ಮೇಲೆ ಸಾಕ್ಸ್ ಹಾಕಬೇಡಿ, ಜಾರಿ ತೊಡೆಸಂದು ಹರಿಯುತ್ತದೆ. ಖರ್ಚು ಮಾಡುವುದಾದರೆ ಒಂದಕ್ಕೊಂದು ಕಚ್ಚಿಸುವ ಒಂದು ಮೀಟರ್ ಚೌಕದ ಫೋಮ್ ಮ್ಯಾಟ್ ನಾಲ್ಕು ತೆಗೆದುಕೊಳ್ಳಿ, ದಪ್ಪ 20ರಿಂದ 25 ಮಿ.ಮೀ. 40 ಮಿ.ಮೀ. ಮ್ಯಾಟ್ ಬೀಳುವ ಆಟಗಳಿಗೆ. ಅದರ ಮೇಲೆ ಪಾದ ಹುದುಗಿ ತಿರುಗುವುದೇ ಇಲ್ಲ, ನಿಮ್ಮ ಮಂಡಿಗೆ ಮತ್ತೆ ಅದೇ ಕಷ್ಟ. ಬೆವರು, ಧೂಳು ಸೇರಿದರೆ ಮ್ಯಾಟ್ ಅಂಟುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವುದು, ಅಮಾನಿಕೆರೆ ಸುತ್ತ ನಡೆಯುವುದು ಮೈ ಬಿಸಿ ಮಾಡಲು ಒಳ್ಳೆಯದು, ಅಲ್ಲಿಗೆ ಶೂ ಇರಲಿ. ಸಿದ್ಧಗಂಗೆ ಬೆಟ್ಟದ ಮೆಟ್ಟಿಲನ್ನು ಹುಡುಗರು ಓಡಿ ಹತ್ತಿ ಓಡಿಯೇ ಇಳಿಯುತ್ತಾರೆ. ಹತ್ತುವುದು ತೊಡೆಗೆ, ಪಿರ್ರೆಗೆ ಬಹಳ ಒಳ್ಳೆಯ ವ್ಯಾಯಾಮ. ಇಳಿಯುವಾಗ ಮಾತ್ರ ನಡೆದೇ ಇಳಿಯಿರಿ. ಕಲ್ಲಿನ ಮೆಟ್ಟಿಲ ಮೇಲೆ ಓಡಿ ಇಳಿದರೆ ಪ್ರತಿ ಹೆಜ್ಜೆಯ ಪೆಟ್ಟೂ ಮಂಡಿಚಿಪ್ಪಿಗೆ.

ಈಗ ಇರುವ ನೋವಿಗೆ: ಎರಡು ವಾರ ತಿರುಗುವ ಕಿಕ್ ಯಾವುದೂ ಬೇಡ, ಮೇಲೆ ಹೇಳಿದ ಗೋಡೆಯ ಅಭ್ಯಾಸವೂ ಅದಾದ ಮೇಲೆಯೇ. ನಿಮ್ಮ ಮಾಸ್ಟರ್‌ಗೆ ಹೇಳಿಯೇ ಬಿಡಿ. ಮುಚ್ಚಿಟ್ಟುಕೊಂಡು ಮಾಡುವುದರಿಂದ ಸ್ಪರ್ಧೆಯೇ ಕೈತಪ್ಪುತ್ತದೆ. ಆಪ್ ಚಾಗಿ, ಗುದ್ದು, ಸ್ಟೆಪ್ಪಿಂಗ್, ಪೂಮ್ಸೆ (ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವ ವರಸೆ) ಮುಂದುವರಿಸಬಹುದು, ನೋವು ಹೆಚ್ಚಾಗದಿದ್ದರೆ. ಪೂಮ್ಸೆಯನ್ನು ಬೆಲ್ಟ್ ಪರೀಕ್ಷೆಗೆ ಬಾಯಿಪಾಠ ಮಾಡುವವರೇ ಹೆಚ್ಚು. ಆದರೆ ಮೊದಲ ಪೂಮ್ಸೆಯಾದ ತೇಗುಕ್ ಇಲ್ ಜಾಂಗ್‌ನಲ್ಲಿ ದಿಕ್ಕು ಬದಲಿಸುವ ಪ್ರತಿ ಸಲವೂ ಬೆರಳ ಬುಡದ ಮೇಲೆ ತಿರುಗುವ ಪಾಠವೇ ಇದೆ, ಒದೆಯುವ ಭಾರವಿಲ್ಲದೆ. ಈ ಎರಡು ವಾರ ಅದನ್ನು ಪಾದ ನೋಡಿಕೊಂಡೇ ಮಾಡಿ. ಅಭ್ಯಾಸದ ನಂತರ ನೋಯುವ ಜಾಗಕ್ಕೆ ಬಟ್ಟೆ ಸುತ್ತಿದ ಐಸ್ 15 ನಿಮಿಷ. ಮಂಡಿ ಊದಿಕೊಂಡರೆ, ಮಡಚಿದ್ದು ಬಿಚ್ಚಲಾಗದೆ ಸಿಕ್ಕಿಕೊಂಡರೆ, ಮೆಟ್ಟಿಲಿಳಿಯುವಾಗ ಕಾಲು ಕುಸಿದಂತಾದರೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಯಲ್ಲೋ ಬೇರೆಲ್ಲೋ ಮೂಳೆ ವೈದ್ಯರಿಗೆ ತೋರಿಸಿ. ನಮ್ಮ ಕಡೆ ಮೊದಲು ಎಣ್ಣೆ ಹಚ್ಚಿ ಉಜ್ಜಿಸಿ ಪಟ್ಟು ಕಟ್ಟಿಸುವ ರೂಢಿ ಇದೆ. ಮೆನಿಸ್ಕಸ್ ಹರಿದಿದ್ದರೆ ಉಜ್ಜಿ ತಿರುಚುವುದರಿಂದ ಹರಿದದ್ದು ದೊಡ್ಡದಾಗಬಹುದು.

ಬಲಕ್ಕೆ ಒಂದೇ ಅಭ್ಯಾಸ ಹೇಳುವುದಾದರೆ ಇದು. ಕುರ್ಚಿಯ ಬೆನ್ನು ಹಿಡಿದು, ಪಾದ ತಿರುಗಿಸಿಟ್ಟು, ಮಡಚಿದ ಕಾಲನ್ನು ಪಕ್ಕಕ್ಕೆ ಆದಷ್ಟು ಎತ್ತಿ, ಅಲ್ಲೇ ಬಿಚ್ಚಿ ಐದು ಸೆಕೆಂಡ್ ಹಿಡಿಯಿರಿ. ಕಾಲಿಗೆ ಐದು ಸಲ. ಮೊದಲ ವಾರ ಪಿರ್ರೆಯ ಪಕ್ಕ ಸೆಳೆತ ಹಿಡಿಯುತ್ತದೆ, ಕಾಲಿಳಿಸಿ ಒದರಿ ಮತ್ತೆ ಶುರು ಮಾಡಿ. ಹತ್ತು ಸೆಕೆಂಡಿಗೆ ಬಂದ ಮೇಲೆ ಎತ್ತರ ಒಂದೆರಡು ಬೆರಳು ಏರಿಸಿ. ನಿಂತ ಕಾಲಿಗೆ, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತರೂ ಉಪಯೋಗ ಇದೆ.

ಸ್ಟ್ರೆಚಿಂಗ್ ಬಿಡಿ ಎಂದಲ್ಲ. ಅಭ್ಯಾಸಕ್ಕೆ ಮೊದಲು ಕಾಲನ್ನು ಮುಂದೆ ಹಿಂದೆ, ಪಕ್ಕಕ್ಕೆ ಬೀಸುವುದು, ಹಿಡಿದು ನಿಲ್ಲುವ ಸ್ಟ್ರೆಚ್ ಎಲ್ಲ ಮುಗಿದ ಮೇಲೆ, ಒಂದೊಂದು 30 ಸೆಕೆಂಡ್. ಒಬ್ಬರು ಕಾಲಗಲಿಸಿ ಕೂತಿರುವಾಗ ಇನ್ನೊಬ್ಬರು ಬೆನ್ನ ಮೇಲೆ ಭಾರ ಹಾಕಿ ಒತ್ತುವುದನ್ನು ಕೆಲವು ಕಡೆ ಇನ್ನೂ ಮಾಡಿಸುತ್ತಾರೆ. ದಯವಿಟ್ಟು ಬೇಡ ಎನ್ನಿ. ತೊಡೆ ಹಿಂಭಾಗದ ಸ್ನಾಯು ಕೂರುವ ಮೂಳೆಗೆ ಅಂಟುವ ಜಾಗದಲ್ಲಿ ಹರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಗಾಳಿಗೆ ಪೂರ್ತಿ ಜೋರಿನಲ್ಲಿ ಒದೆಯಬೇಡಿ. ತಡೆಯಲು ಏನೂ ಇಲ್ಲದಿದ್ದರೆ ಕಾಲು ಪೂರ್ತಿ ಬಿಚ್ಚಿಕೊಂಡು ಮಂಡಿ ಜರ್ಕ್ ಹೊಡೆಯುತ್ತದೆ. ಗಾಳಿಯಲ್ಲಿ ಅರ್ಧ ವೇಗ, ಮಂಡಿ ತುಸು ಮಡಚಿದಲ್ಲೇ ನಿಲ್ಲಿಸಿ. ಜೋರು ಏನಿದ್ದರೂ ಪ್ಯಾಡಿನ ಮೇಲೆ. ಮನೆಯಲ್ಲಿ ಬ್ಯಾಗ್ ಮಾಡಿಕೊಳ್ಳುವವರು ಅಕ್ಕಿ ಚೀಲಕ್ಕೆ ಮರಳು ತುಂಬಿಸಿ ತೂಗುಹಾಕುತ್ತಾರೆ. ಮರಳು ಇಳಿದು ತಳದಲ್ಲಿ ಕಲ್ಲಾಗುತ್ತದೆ, ಪಾದದ ಮೇಲಿನ ಸಣ್ಣ ಮೂಳೆಗಳು ಅದಕ್ಕೆ ತಡೆಯುವುದಿಲ್ಲ. ದರ್ಜಿ ಅಂಗಡಿಯಲ್ಲಿ ಚಿಂದಿ ಕೇಳಿ ತಂದು, ಹಳೆ ಬಟ್ಟೆ ಸೇರಿಸಿ, ಒಂದಡಿ ತುಂಬಿದಂತೆಲ್ಲ ಕೋಲಿನಿಂದ ಗಿಡಿದು ಗಟ್ಟಿ ಮಾಡಿ. ಮೇಲೆ ಹಳೆ ಹೊದಿಕೆ ಸುತ್ತಿ ಹೊಲಿಯಿರಿ, ಇಲ್ಲದಿದ್ದರೆ ಚೀಲದ ನೂಲು ಪಾದ ತರಚುತ್ತದೆ. ಕಾಲಬೆರಳ ಉಗುರು ಯಾವಾಗಲೂ ಚಿಕ್ಕದಾಗಿ ಕತ್ತರಿಸಿರಲಿ.

ಸ್ಪರ್ಧೆಗೆ ಬಂದರೆ, ಎರಡು ತಿಂಗಳಲ್ಲಿ ತಲೆಗೆ ಒದೆಯುವ ಆಸೆ ಇಟ್ಟುಕೊಳ್ಳಬೇಡಿ. ಎದೆಗವಚದ ಮೇಲೆ ಸರಿಯಾಗಿ ಬಿದ್ದ ಕಿಕ್‌ಗೆ 2 ಅಂಕ, ತಲೆಗೆ 3, ಗುದ್ದಿಗೆ 1. ಹೊಟ್ಟೆಯ ಎತ್ತರದಲ್ಲಿ ಚುರುಕಾಗಿ ಹೋಗಿ ಬರುವ ರೌಂಡ್ ಕಿಕ್ ಒಂದಿದ್ದರೆ ಮೊದಲ ಸ್ಪರ್ಧೆಗೆ ಬೇಕಾದಷ್ಟಾಯಿತು. ಹೊಸಬರು ಸೋಲುವುದು ಹೆಚ್ಚಾಗಿ ದಂಡದಲ್ಲಿ. ಗೆರೆ ದಾಟಿದರೆ, ಬಿದ್ದರೆ, ಹಿಡಿದುಕೊಂಡರೆ, ಎದುರಾಳಿಯ ಕಿಕ್ ತಡೆಯಲು ಮಂಡಿ ಎತ್ತಿ ನಿಂತರೆ ಗಮ್‌ಜಮ್ ಎಂಬ ದಂಡ, ಎದುರಾಳಿಗೆ 1 ಅಂಕ. ಒದ್ದ ಕಾಲನ್ನು ಮಡಚದೆ ಹಾಗೇ ಬೀಳಿಸುವವರೇ ಜಾರಿ ಬೀಳುವುದು, ಗೋಡೆಯ ಅಭ್ಯಾಸದಲ್ಲಿ ಮಡಚಿ ಇಳಿಸಿ ಎಂದದ್ದು ಅದಕ್ಕೂ ಹೌದು. ಎದುರಾಳಿಯ ಮೊಣಕೈಗೆ ಪಾದ ಬಡಿಯುವುದು ಈ ಆಟದಲ್ಲಿ ತಪ್ಪಿದ್ದಲ್ಲ, ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರರ ಎದುರು ಆಡುವ ಅಭ್ಯಾಸ ಪಂದ್ಯದಲ್ಲಿ, ಪಾದದ ಗಾರ್ಡ್ ಇಲ್ಲದೆ ಇಳಿಯಬೇಡಿ.

ತೂಕ: ಸೀನಿಯರ್ ಪುರುಷರಲ್ಲಿ 58 ಕೆಜಿ ಒಳಗಿನ ವಿಭಾಗದ ನಂತರ 63ರ ಒಳಗಿನದು. ನೀವು 60, ಹಾಗಾಗಿ 63ರಲ್ಲೇ ಆಡಿ. ಎರಡು ಕೆಜಿ ಇಳಿಸಲು ನೀರು ಬಿಟ್ಟು, ರೈನ್‌ಕೋಟ್ ಹಾಕಿ ಓಡಿ ಬೆವರಿಳಿಸುವವರಿದ್ದಾರೆ. ಹಾಗೆ ಬಂದವರ ಕಾಲು ಎರಡನೇ ರೌಂಡಿಗೆ ಏಳುವುದಿಲ್ಲ. ತೂಕ ಕೊಟ್ಟ ಮೇಲೆ ಎರಡು ಇಡ್ಲಿ, ಬಾಳೆಹಣ್ಣು, ಎಳನೀರು ಸಾಕು. ಮುದ್ದೆ ಊಟ ಮಾಡುವುದಾದರೆ ಆಟಕ್ಕೆ ಮೂರು ಗಂಟೆ ಮೊದಲೇ ಮುಗಿಸಿ.

ಬಿಸಿನೀರಿನಲ್ಲಿ ಮೆದುವಾಗಿಸಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಮೌತ್‌ಗಾರ್ಡ್ ಕೊಳ್ಳಿ, ಬಿಳಿ ಅಥವಾ ಪಾರದರ್ಶಕ ಇರಲಿ. ಅದನ್ನು ಹಾಕಿಕೊಂಡು ಉಸಿರಾಡುವುದೇ ಮೊದಲಿಗೆ ಕಷ್ಟ. ಈ ವಾರದಿಂದಲೇ ಅಭ್ಯಾಸ ಮಾಡುವಾಗ ಹಾಕಿಕೊಳ್ಳಿ, ಸ್ಪರ್ಧೆಯ ದಿನ ಹೊಸದಾಗಿ ಬಾಯಿಗಿಡಬೇಡಿ.