ನಾಣ್ಯ 20 ಸಲ, ಹೆಡ್ 7 ಸಲ: ಮಕ್ಕಳಿಗೆ ಏನು ಹೇಳುವುದು?

ಪ್ರಶ್ನೆ: ಕುಂಬಳೆ ಬಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ 5ನೇ ತರಗತಿಗೆ ಗಣಿತ ಕಲಿಸುತ್ತೇನೆ. ನಾಣ್ಯವನ್ನು 20 ಸಲ ಚಿಮ್ಮಿದರೆ 10 ಹೆಡ್ ಎಂದು ಮೊದಲೇ ಬರೆಸಿದ್ದೆ. ಒಂದು ಗುಂಪಿಗೆ 7, ಇನ್ನೊಂದಕ್ಕೆ 13 ಬಂತು. ಲೆಕ್ಕವೇ ತಪ್ಪು ಅನ್ನುತ್ತಾರೆ ಮಕ್ಕಳು.

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. 20 ಸಲ ಚಿಮ್ಮಿದಾಗ ಸರಿಯಾಗಿ 10 ಹೆಡ್ ಬರುವುದು ಸುಮಾರು ಆರು ಗುಂಪುಗಳಲ್ಲಿ ಒಂದಕ್ಕೆ ಮಾತ್ರ. 6ರಿಂದ 14ರೊಳಗೆ ಬರುವುದು 100ರಲ್ಲಿ ಸುಮಾರು 96 ಸಲ. ಹಾಗಾಗಿ ಊಹೆ ಬರೆಸುವಾಗ 10ರ ಜೊತೆಗೆ "6ರಿಂದ 14" ಎಂದೂ ಬರೆಸಿ.

ಆಮೇಲೆ ಹತ್ತು ಗುಂಪುಗಳ ಫಲವನ್ನು ಬೋರ್ಡಿನಲ್ಲಿ ಒಂದೊಂದಾಗಿ ಕೂಡಿಸುತ್ತ ಹೋಗಿ. ಒಟ್ಟು 200ಕ್ಕೆ ಊಹೆ 100. ಸಾಮಾನ್ಯವಾಗಿ 86ರಿಂದ 114ರೊಳಗೆ ಬರುತ್ತದೆ. "ಕೊನೆಗೆ ಎರಡೂ ಸಮ ಆಗುತ್ತವೆ" ಎಂದು ಮಾತ್ರ ದಯವಿಟ್ಟು ಹೇಳಬೇಡಿ. 20ರಲ್ಲಿ 7 ಬಂದಾಗ ಊಹೆಗಿಂತ 3 ಕಡಿಮೆ. 200ರಲ್ಲಿ 92 ಬಂದರೆ 8 ಕಡಿಮೆ. ಅಂತರ ಹೆಚ್ಚಿತು, ಆದರೆ ಪಾಲು ಶೇ. 35ರಿಂದ 46ಕ್ಕೆ ಏರಿ ಅರ್ಧದ ಹತ್ತಿರ ಬಂತು. ಹತ್ತಿರವಾಗುವುದು ಪಾಲು, ಎಣಿಕೆಯಲ್ಲ. ಇದನ್ನು ಬಿಟ್ಟರೆ, ಹೆಡ್ ಸಾಲಾಗಿ ಬಂದಾಗ "ಇನ್ನು ಟೇಲ್ ಬಂದೇ ಬರುತ್ತದೆ" ಎಂದು ಮಕ್ಕಳು ಗಟ್ಟಿಯಾಗಿ ನಂಬಿಬಿಡುತ್ತಾರೆ. ಅದನ್ನು ಅವರೇ ಪರೀಕ್ಷಿಸಲಿ: ಗೀಟು ಎಳೆದು ಎಣಿಸುವ ಬದಲು ಹೆ, ಟೇ ಎಂದು ಬಂದ ಕ್ರಮದಲ್ಲೇ ಬರೆಸಿ. ಹತ್ತು ಗುಂಪುಗಳ ಪಟ್ಟಿಯಲ್ಲಿ ಮೂರು ಹೆಡ್ ಒಟ್ಟಿಗೆ ಬಂದು ಮುಂದೆ ಇನ್ನೊಂದು ಫಲವಿರುವ ಜಾಗ ಇಪ್ಪತ್ತರಷ್ಟು ಸಿಗುತ್ತದೆ. ಆ ಮುಂದಿನ ಫಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೆಡ್ ಆಗಿರುತ್ತವೆ.

ಪ್ರಶ್ನೆ: ದಾಳ ಇಲ್ಲ. ಕವಡೆ, ಒಡೆದ ಹುಣಸೆ ಬೀಜ ಬಳಸಬಹುದೇ? (ಬದಿಯಡ್ಕ)

ಉತ್ತರ: ಆಡದೆ ಮೊದಲೇ ಊಹಿಸುವ ಪಾಠಕ್ಕೆ ಬೇಡ. ಒಟ್ಟು ಫಲಗಳಲ್ಲಿ ನಮಗೆ ಬೇಕಾದವೆಷ್ಟು ಎಂದು ಎಣಿಸಿ ಭಾಗ ಹೇಳಬೇಕಾದರೆ ಎಲ್ಲ ಫಲಗಳಿಗೂ ಸಮಾನ ಅವಕಾಶ ಇರಲೇಬೇಕು. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಒಡೆದ ಬೀಜವೂ ಹಾಗೆಯೇ. ಫಲ ಎರಡೇ ಆದರೂ ಅರ್ಧ-ಅರ್ಧ ಎನ್ನುವಂತಿಲ್ಲ. 100 ಸಲ ಎಸೆದು ಎಣಿಸಿ ಪಾಲು ಕಂಡುಹಿಡಿಯುವ ಪಾಠಕ್ಕೆ ಮಾತ್ರ ಅವು ಬಹಳ ಒಳ್ಳೆಯವು.

ಊಹೆಗೆ ಒಂದೇ ಅಳತೆಯ ಅಂಗಿ ಗುಂಡಿಗಳು ಸಾಕು. ಒಳಗಿನದು ಕಾಣದ ಬಟ್ಟೆ ಚೀಲದಲ್ಲಿ 3 ಕೆಂಪು, 2 ಕಪ್ಪು ಹಾಕಿ. ಕೆಂಪು 5ರಲ್ಲಿ 3 ಭಾಗ. 50 ಸಲ ತೆಗೆದರೆ ಊಹೆ 30, ಹೆಚ್ಚಾಗಿ 23ರಿಂದ 37ರೊಳಗೆ. ಪ್ರತಿ ಸಲ ಗುಂಡಿಯನ್ನು ಮರಳಿ ಹಾಕಿ ಕುಲುಕಬೇಕು. ಮಕ್ಕಳು ಮರೆಯುವುದು ಇಲ್ಲೇ: ಒಂದು ಕೆಂಪು ಹೊರಗೆ ಉಳಿದರೆ ಕೆಂಪಿನ ಪಾಲು 4ರಲ್ಲಿ 2 ಆಗಿಬಿಡುತ್ತದೆ. ಅಡಿಕೆ, ಗೋಲಿ ಬೆರೆಸಬೇಡಿ, ಬೆರಳಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಎರಡು ನಾಣ್ಯ ಚಿಮ್ಮಿದರೆ ಮೂರೇ ಫಲ ಎಂದು ಮಕ್ಕಳು ವಾದಿಸುತ್ತಾರೆ: ಎರಡೂ ಹೆಡ್, ಎರಡೂ ಟೇಲ್, ಒಂದೊಂದು. (ಮಂಜೇಶ್ವರ)

ಉತ್ತರ: ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಾಂಬೇರ್ ಕೂಡ 1754ರಲ್ಲಿ ಇಂಥದ್ದೇ ಎಣಿಕೆ ಮಾಡಿದ್ದರು. ಎರಡು ಎಸೆತಗಳಲ್ಲಿ ಒಂದಾದರೂ ಹೆಡ್ ಬರುವ ಪಾಲು 3ರಲ್ಲಿ 2 ಎಂದರು. ಸರಿಯಾದದ್ದು 4ರಲ್ಲಿ 3. ಹಾಗಾಗಿ ಮಕ್ಕಳನ್ನು ಗದರಬೇಡಿ. ಒಂದು ರೂಪಾಯಿ ಮತ್ತು ಐದು ರೂಪಾಯಿಯ ನಾಣ್ಯ ಕೊಟ್ಟು ಎರಡು ಕಂಬಸಾಲುಗಳಲ್ಲಿ ಬರೆಸಿ. ಒಂದರಲ್ಲಿ ಹೆಡ್, ಐದರಲ್ಲಿ ಟೇಲ್ ಎಂಬುದು ಅದರ ತಿರುಗುಮುರುಗಿಗಿಂತ ಬೇರೆ ಎಂದು ಕಣ್ಣಿಗೇ ಕಾಣುತ್ತದೆ. 40 ಸಲ ಚಿಮ್ಮುವ ಮೊದಲು 10, 10, 20 ಎಂದು ಊಹೆ ಬರೆಸಿ.

ಪ್ರಶ್ನೆ: ಲಾಟರಿ ಬಗ್ಗೆ ಮಕ್ಕಳು ಕೇಳುತ್ತಾರೆ. ಉತ್ತರಿಸಲೇ? (ಮುಳ್ಳೇರಿಯ)

ಉತ್ತರ: ಖಂಡಿತ. ಪೇಟೆಯ ತುಂಬ ಅಂಗಡಿಗಳಿರುವಾಗ ಮೌನವಾಗಿದ್ದರೆ ಮಕ್ಕಳು ದೊಡ್ಡವರ ನಂಬಿಕೆಯನ್ನೇ ಕಲಿಯುತ್ತಾರೆ. ಕೊನೆಯ ಒಂದು ಅಂಕಿ ಹೊಂದುವ ಪಾಲು 10ರಲ್ಲಿ 1. ಎರಡು ಅಂಕಿಗೆ 100ರಲ್ಲಿ 1, ನಾಲ್ಕಕ್ಕೆ 10,000ದಲ್ಲಿ 1. ಇದನ್ನು ಅವರಿಂದಲೇ ಬರೆಸಿ. 7777 ಆಗಲಿ 4093 ಆಗಲಿ, ಪಾಲು ಒಂದೇ.