ಚಿಕ್ಕಪ್ಪನ ಹಳೆಯ ಥೀಮ್ ಪಾರ್ಕ್ ಟಿಕೆಟ್, ನಕ್ಷೆ, ಕೂಪನ್‌ಗಳನ್ನು ವಿಂಗಡಿಸಿಡಲು ಯಾವ ಆಲ್ಬಂ ಕೊಳ್ಳಲಿ?

ಯಾವ ಆಲ್ಬಮ್ಮನ್ನೂ ಕೊಳ್ಳಬೇಡಿ. ವಿಂಗಡಿಸುವುದಂತೂ ಬೇಡವೇ ಬೇಡ. ಟ್ರಂಕಿನಲ್ಲಿ ಮುಂಬಯಿಯ ಎಸ್ಸೆಲ್‌ವರ್ಲ್ಡ್ ಪಾರ್ಕಿನ ಟಿಕೆಟ್‌ಗಳಿವೆ, ನಕ್ಷೆ, ಕೀಚೈನುಗಳಿವೆ, ಚಿಕ್ಕಪ್ಪ ಹಡಗಿನ ಕೆಲಸದಲ್ಲಿದ್ದಾಗ ತಂದ ಡಿಸ್ನಿಲ್ಯಾಂಡ್ ಕೂಪನ್ ಪುಸ್ತಕವೂ ಇದೆ ಎಂದು ಬರೆದಿದ್ದೀರಿ. ಜೊತೆಗೆ ‘ಒಂದಿಷ್ಟು ಕಸವೂ ಇದೆ’ ಎಂದೂ ಸೇರಿಸಿದ್ದೀರಿ. ಆ ಕಸ ಎಂಬ ಮಾತು ಓದಿಯೇ ನಾನು ಉತ್ತರ ಬರೆಯಲು ಕುಳಿತದ್ದು.

ನನ್ನ ಸೋದರಮಾವ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಹುಡುಗರನ್ನು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬಾ ಎಂದು ಧಣಿಗಳು ಅವರ ಕೈಗೆ ದುಡ್ಡು ಕೊಡುತ್ತಿದ್ದರು. 1989ರಲ್ಲಿ ಗೊರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ತೆರೆದ ಮೇಲೆ ‘ಎಲ್ಲಿಗೆ’ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗರು ದೋಣಿಯೇರಿ ಆಚೆ ದಡದ ಆಟಗಳಿಗೆ ಹೋಗುತ್ತಿದ್ದರು. ಮಾವ ಲೆಕ್ಕದ ಮನುಷ್ಯ. ಒಂದು ಚೀಟಿಯನ್ನೂ ಬಿಸಾಡಿದವರಲ್ಲ. ಪ್ರತಿ ವರ್ಷದ ಪ್ರವೇಶ ಟಿಕೆಟ್, ದೋಣಿ ಟಿಕೆಟ್, ಪಾರ್ಕಿನ ನಕ್ಷೆ, ಊಟದ ಬಿಲ್ಲು, ಎಲ್ಲವನ್ನೂ ಒಂದು ಕಂದು ಕವರಿಗೆ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ, ಮಿಠಾಯಿ ಡಬ್ಬದಲ್ಲಿಡುತ್ತಿದ್ದರು. ಅವರು ಕೆಲಸ ಬಿಟ್ಟು ಊರಿಗೆ ಹೊರಟಾಗ ಆ ಡಬ್ಬಗಳು ಡೊಂಬಿವಲಿಯ ನಮ್ಮ ಮನೆಗೆ ಬಂದವು.

ನಾನು ನೀವೀಗ ಮಾಡಹೊರಟಿರುವುದನ್ನೇ ಮಾಡಿದೆ. ಚೆಂದದ ಜೇಬುಗಳಿದ್ದ ಆಲ್ಬಂಗಳನ್ನು ತಂದೆ. ಟಿಕೆಟ್‌ಗಳೆಲ್ಲ ಒಂದರಲ್ಲಿ, ಬೆಲೆಯ ಏರಿಕೆಯ ಕ್ರಮದಲ್ಲಿ. ನಕ್ಷೆಗಳು ಇನ್ನೊಂದರಲ್ಲಿ. ದೋಣಿ ಟಿಕೆಟ್ ಪಾರ್ಕಿನದಲ್ಲವಲ್ಲ, ಅದು ರದ್ದಿಗೆ. ಊಟದ ಬಿಲ್ಲೂ ರದ್ದಿಗೆ. ರಬ್ಬರ್ ಕರಗಿ ಅಂಟಿಕೊಂಡಿದ್ದ, ಎಣ್ಣೆ ಕಲೆಯ ಕವರುಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವೂ ರದ್ದಿಗೆ.

ಆ ಕವರುಗಳ ಮೇಲೆ ಏನಿತ್ತೆಂದು ಹೇಳಲೇಬೇಕು. ನಡುವೆ ‘ಶ್ರೀ’, ಅದರ ಕೆಳಗೆ ತಾರೀಖು, ಆಮೇಲೆ ಮಾವನ ಗಲ್ಲಾದ ಅಕ್ಷರದಲ್ಲಿ ಒಂದರ ಕೆಳಗೊಂದು ಹೆಸರು. ಒಬ್ಬನ ಹೆಸರಿನ ಮುಂದೆ ‘ದೋಣಿಯಲ್ಲಿ ವಾಂತಿ, ನಿಂಬೆಹಣ್ಣು’ ಎಂದು ಖರ್ಚು. ಇನ್ನೊಬ್ಬನ ಮುಂದೆ ‘ಚಪ್ಪಲಿ ಕಳೆದ, ಹೊಸದು ಕೊಡಿಸಿದ್ದು’. ಮತ್ತೊಬ್ಬನ ಮುಂದೆ ‘ಎರಡನೇ ಸಲ ಕೂರಲು ಒಪ್ಪಲಿಲ್ಲ’ ಎಂದಷ್ಟೇ, ಖರ್ಚಿಲ್ಲ. ನಾನು ಓದಿದೆ, ನಕ್ಕೆ, ಹೆಂಡತಿಗೂ ಓದಿ ಹೇಳಿದೆ. ಆಮೇಲೆ ರದ್ದಿಯವನ ತಕ್ಕಡಿಗೆ ಹಾಕಿದೆ.

ತಪ್ಪು ಎಲ್ಲಿಯದೆಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೇ ಅದು ಅರ್ಥವಾಗಲು ಕಾಲ ಹಿಡಿಯಿತು. ಬಿಡಿ ಟಿಕೆಟ್ಟಿಗೆ ಬಾಯಿಲ್ಲ. ನಮ್ಮಲ್ಲಿದ್ದ ಹಲವಕ್ಕೆ ತಾರೀಖಿನ ಮುದ್ರೆ ಅಳಿಸಿಹೋಗಿತ್ತು. ತಾರೀಖು ಉಳಿದಿದ್ದದ್ದು ಕವರಿನ ಮೇಲೆ ಮಾತ್ರ. ಅವರು ಮಾರ್ವೆಯಿಂದ ದೋಣಿ ಹತ್ತಿದರೋ ಬೊರಿವಲಿ ಕಡೆಯಿಂದಲೋ ಎಂಬುದು ಗೊತ್ತಾಗುತ್ತಿದ್ದದ್ದು ದೋಣಿ ಟಿಕೆಟ್ಟಿನಿಂದ. ಯಾವ ನಕ್ಷೆ ಯಾವ ವರ್ಷದ್ದೆಂದು ತಿಳಿಯುತ್ತಿದ್ದದ್ದು ಅದು ಯಾವ ಟಿಕೆಟ್ಟಿನ ಪಕ್ಕದಲ್ಲಿತ್ತು ಎಂಬುದರಿಂದ. ನಾನು ಕಸವೆಂದು ಬಿಸಾಡಿದ ವಸ್ತುಗಳಷ್ಟೇ ನಷ್ಟವಲ್ಲ. ಉಳಿಸಿಕೊಂಡ ವಸ್ತುಗಳ ಸಂಬಂಧಗಳನ್ನೂ ನಾನೇ ಕಡಿದುಹಾಕಿದೆ. ಈಗ ನನ್ನ ಆಲ್ಬಮ್ಮಿನ ನಕ್ಷೆಗಳ ಬಗ್ಗೆ ಧೈರ್ಯವಾಗಿ ಹೇಳಬಹುದಾದದ್ದು ಇಷ್ಟೇ: ಎಸ್ಸೆಲ್‌ವರ್ಲ್ಡ್ ಪಕ್ಕದ ನೀರಾಟದ ಪಾರ್ಕು ವಾಟರ್ ಕಿಂಗ್‌ಡಮ್ ಶುರುವಾದದ್ದು 1998ರಲ್ಲಿ, ಆದ್ದರಿಂದ ಅದು ಕಾಣಿಸುವ ನಕ್ಷೆ ಅದಕ್ಕಿಂತ ಹಳೆಯದಲ್ಲ. ದಾಖಲೆಗಳನ್ನು ಕಾಪಾಡುವವರು ಮೊದಲು ಕಲಿಯುವ ಪಾಠ, ಕಾಗದಗಳು ಬಂದ ಕ್ರಮವನ್ನು ಕದಡಬಾರದು ಎಂಬುದು. ನಾನು ಅದನ್ನು ಕಲಿತದ್ದು ಕದಡಿದ ಮೇಲೆ.

ಇದರ ಬೆಲೆ ತೆತ್ತದ್ದೂ ಆಯಿತು. ಇಲ್ಲಿನ ಒಂದು ಕನ್ನಡ ಸಂಘದವರು ಸ್ಮರಣ ಸಂಚಿಕೆಗಾಗಿ ಹೋಟೆಲ್ ಹುಡುಗರ ಬದುಕಿನ ಕುರುಹುಗಳನ್ನು ಹುಡುಕುತ್ತಿದ್ದರು. ನಾನು ಹೆಮ್ಮೆಯಿಂದ ಆಲ್ಬಮ್ಮುಗಳನ್ನು ಹೊತ್ತುಕೊಂಡು ಹೋದೆ. ಸಂಪಾದಕರು ಹಾಳೆ ತಿರುವಿ, ‘ಚೆನ್ನಾಗಿವೆ, ಯಾರು ಹೋದದ್ದು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಊರಿಗೆ ಫೋನ್ ಮಾಡಿದರೆ ಮಾವನಿಗೆ ಆ ವೇಳೆಗೆ ಮರೆವು ಹತ್ತಿತ್ತು. ‘ಕವರಿನ ಮೇಲೆ ಬರೆದಿದ್ದೇನಲ್ಲ ಮಾರಾಯ, ನೋಡು’ ಎಂದರು. ಸಂಚಿಕೆಯಲ್ಲಿ ನಮ್ಮ ಟಿಕೆಟ್ ಬರಲಿಲ್ಲ.

ಆದ್ದರಿಂದ ಮೊದಲು ಟ್ರಂಕನ್ನು ಇದ್ದ ಹಾಗೆಯೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಒಂದೊಂದೇ ಪದರ ಎತ್ತುತ್ತಾ ಮತ್ತೆ ಮತ್ತೆ ತೆಗೆಯಿರಿ. ಒಟ್ಟಿಗಿದ್ದದ್ದು ಒಟ್ಟಿಗೇ ಇರಲಿ. ಗುರುತು ಬರೆಯುವುದಿದ್ದರೆ ಬೇರೆ ಚೀಟಿಯ ಮೇಲೆ, ಪೆನ್ಸಿಲಿನಲ್ಲಿ.

ನಿಮ್ಮ ಡಿಸ್ನಿಲ್ಯಾಂಡ್ ಪುಸ್ತಕದ ಮಾತಿಗೆ ಬರೋಣ. ಅದರಲ್ಲಿ ‘ಎ’ ಕೂಪನ್‌ಗಳೇ ಹೆಚ್ಚು ಉಳಿದಿವೆ, ಬೆಲೆಬಾಳುವವು ಹರಿದುಹೋಗಿವೆ ಎಂದು ಬೇಸರಪಟ್ಟಿದ್ದೀರಿ. ಬೇಸರವೇಕೆ? ಕ್ಯಾಲಿಫೋರ್ನಿಯಾದ ಆ ಪಾರ್ಕು 1955ರ ಜುಲೈ 17ರಂದು ತೆರೆಯಿತು, ಅದೇ ಅಕ್ಟೋಬರಿನಲ್ಲಿ, ಸವಾರಿಯ ದರ್ಜೆಗೆ ತಕ್ಕಂತೆ ಹರಿದುಕೊಡುವ ಎ, ಬಿ, ಸಿ ಕೂಪನ್‌ಗಳ ಪುಸ್ತಕ ಬಂತು. ಮರುವರ್ಷ ‘ಡಿ’ ಸೇರಿತು. 1959ರಲ್ಲಿ ಮ್ಯಾಟರ್‌ಹಾರ್ನ್ ಎಂಬ ರೋಲರ್ ಕೋಸ್ಟರ್, ಮಾನೊರೈಲು, ಜಲಾಂತರ್ಗಾಮಿಯ ಯಾನ ಶುರುವಾದಾಗ ‘ಇ’ ಬಂತು. ‘ಎ’ಗೆ ಸಿಗುತ್ತಿದ್ದದ್ದು ಕುದುರೆ ಎಳೆಯುವ ಟ್ರಾಮಿನಂಥ ಸಣ್ಣ ಸವಾರಿ, ‘ಇ’ಗೆ ಎದೆ ಝಲ್ಲೆನಿಸುವಂಥದ್ದು. ಹಾಗಾಗಿ ಎಲ್ಲರೂ ‘ಇ’ಯನ್ನು ಖರ್ಚು ಮಾಡಿ ‘ಎ’ಗಳನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋದರು. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಸ್ಯಾಲಿ ರೈಡ್ ಕೂಡ ತನ್ನ ಉಡಾವಣೆಯನ್ನು ‘ಇ’ ಟಿಕೆಟ್ಟಿಗೆ ಹೋಲಿಸಿದ್ದರು. ಅಷ್ಟರಲ್ಲಿ, 1982ರಲ್ಲೇ, ಕೂಪನ್ ಪದ್ಧತಿ ನಿಂತುಹೋಗಿತ್ತು. ಅಂದರೆ ನಿಮ್ಮ ಚಿಕ್ಕಪ್ಪನ ಪುಸ್ತಕ ಅವರು ಆ ದಿನ ಏನೇನು ಆರಿಸಿಕೊಂಡರು ಎಂಬುದರ ದಾಖಲೆ. ಉಳಿದ ಕೂಪನ್‌ಗಳನ್ನು ಹರಿದು ಒಂದೊಂದು ಜೇಬಿಗೆ ತುರುಕಿದರೆ ಅದೂ ಹೋಗುತ್ತದೆ.

ಕಾಪಾಡುವ ವಿಚಾರ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಲ್ಯಾಮಿನೇಟ್ ಮಾಡಿಸಲೇಬೇಡಿ: ಕಾಗದ ಮತ್ತೆ ಹೊರಬರುವುದಿಲ್ಲ, ಶಾಖದಿಂದ ಮುದ್ರಿಸುವ ಈಚಿನ ನಯವಾದ ಟಿಕೆಟ್ಟಾದರೆ ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಜೇಬು ಪಿವಿಸಿಯದು, ಬೇಡ, ಪಾಲಿಯೆಸ್ಟರಿನದು ಆಗಬಹುದು. ರಬ್ಬರ್ ಬ್ಯಾಂಡ್ ತೆಗೆದು ಹತ್ತಿಯ ಪಟ್ಟಿ ಕಟ್ಟಿ. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ಅದನ್ನು ಎಳೆಯದೆ ಹಿಂದಿನಿಂದ ಕಾಲು ಬಿಡಿಸಿ ತೆಗೆಯಿರಿ. ಡಬ್ಬವನ್ನು ಹೊರಗೋಡೆಗೆ ತಾಗಿಸಿಡಬೇಡಿ.

ಸಂಗ್ರಹ ಬೆಳೆಸಲು ಮುಂಬಯಿಯ ಹಳೆ ಸಾಮಾನಿನ ಪೇಟೆ ಚೋರ್ ಬಜಾರಿಗೆ ಹೋಗಲೇ ಎಂದೂ ಕೇಳಿದ್ದೀರಿ. ಹೋಗಿ, ಆದರೆ ಭೂತಗನ್ನಡಿ ಕಿಸೆಯಲ್ಲಿರಲಿ. ಅಲ್ಲಿನ ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆ. ಒಮ್ಮೆ ಅಲ್ಲಿ ಒಬ್ಬರು ನನಗೆ ದೆಹಲಿಯ ಅಪ್ಪು ಘರ್‌ನ ಟಿಕೆಟ್ ತೋರಿಸಿದರು. 1984ರಲ್ಲಿ ತೆರೆದು 2008ರಲ್ಲಿ ಮುಚ್ಚಿದ ಪಾರ್ಕು ಅದು. ಹೆಸರು 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿಯದು. ಕೈ ನಡುಗುವಷ್ಟು ಆಸೆಯಾಯಿತು. ಗಾಜಿನಡಿ ನೋಡಿದರೆ ಮುದ್ರಣಾಲಯದ ಅಚ್ಚುಕಟ್ಟಾದ ಚುಕ್ಕೆಗಳ ಬದಲು ಇಂಕ್‌ಜೆಟ್ ಪ್ರಿಂಟರಿನ ಚೆಲ್ಲಾಪಿಲ್ಲಿ ತುಂತುರು. ಹರಿದಂತೆ ಕಾಣುತ್ತಿದ್ದ ಅಂಚಿನಲ್ಲಿ ಒಂದು ನಾರೂ ಎದ್ದಿರಲಿಲ್ಲ, ಕತ್ತರಿಯ ಕೆಲಸ. ಸಂಖ್ಯೆ ಒತ್ತುವ ಯಂತ್ರದ ಅಂಕಿಯಾಗಿದ್ದರೆ ಹಿಂಬದಿಯಲ್ಲಿ ಬೆರಳಿಗೆ ಉಬ್ಬು ತಗಲಬಹುದಿತ್ತು, ಇಲ್ಲಿ ನುಣ್ಣಗಿತ್ತು. ಚಹಾ ಕುಡಿದು, ನಮಸ್ಕಾರ ಹೇಳಿ ಬಂದೆ.

ಇನ್ನು ‘ಎಷ್ಟು ಬರಬಹುದು’ ಎಂಬುದು. ಜಾಲತಾಣದಲ್ಲಿ ಹಾಕಿರುವ ಬೆಲೆ ಮಾರುವವನ ಆಸೆ. ಮಾರಾಟವಾದ ಬೆಲೆಯನ್ನು ಮಾತ್ರ ನೋಡಿ. ‘ಎ’ ಕೂಪನ್ ಬೇಕಾದಷ್ಟಿವೆ, ಅದರಿಂದ ಮನೆ ಕಟ್ಟಲಾಗುವುದಿಲ್ಲ. 2022ರಲ್ಲಿ ಎಸ್ಸೆಲ್‌ವರ್ಲ್ಡ್ ಮುಚ್ಚಿತಾದ್ದರಿಂದ ಬೆಲೆ ಏರುತ್ತದೆ ಎನ್ನುವವರಿದ್ದಾರೆ, ನನಗೆ ನಂಬಿಕೆಯಿಲ್ಲ. ಮಾರಲೇಬೇಕೆಂದಿದ್ದರೆ ಬಿಡಿಬಿಡಿಯಾಗಿ ಕೊಡಬೇಡಿ, ಟ್ರಂಕಿನ ಸಮೇತ ಒಬ್ಬರಿಗೇ ಕೊಡಿ. ಅದಕ್ಕೂ ಮೊದಲು ಚಿಕ್ಕಪ್ಪ ಇದ್ದಾರೆಂದಾದರೆ ಒಂದು ಭಾನುವಾರ ಅವರೆದುರು ಎಲ್ಲವನ್ನೂ ಹರಡಿ, ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ. ಯಾವ ಹಡಗು, ಯಾವ ಬಂದರು, ಜೊತೆಗೆ ಯಾರಿದ್ದರು, ಕೇಳಿ.

ಒಂದು ವೇಳೆ ಒಂದಾದರೂ ‘ಇ’ ಕೂಪನ್ ಉಳಿದಿದ್ದರೆ ಅದರ ಮೇಲಿರುವ ಸವಾರಿಗಳ ಪಟ್ಟಿಯನ್ನು ಓದಿ ನೋಡಿ. ಪೈರೇಟ್ಸ್ ಆಫ್ ದ ಕೆರಿಬಿಯನ್ ಇದ್ದರೆ 1967ರ ನಂತರದ್ದು, ಸ್ಪೇಸ್ ಮೌಂಟನ್ ಕೂಡ ಇದ್ದರೆ 1977ರ ನಂತರದ್ದು. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲೂ ಇಂಥದೇ ಕೂಪನ್‌ಗಳಿದ್ದವು, ಆದ್ದರಿಂದ ಮುಖಪುಟದ ಹೆಸರನ್ನೂ ಗಮನಿಸಿ. ಏನಿದೆಯೆಂದು ಇಲ್ಲೇ ಕೆಳಗೆ ಬರೆಯಿರಿ, ವರ್ಷವನ್ನು ಇನ್ನಷ್ಟು ಹತ್ತಿರಕ್ಕೆ ತರಲು ಪ್ರಯತ್ನಿಸೋಣ.