ಒಂದೇ ನಿಯತಕಾಲಿಕ, ಹಲವು ರೂಪ: ಕ್ಯಾಟಲಾಗಿನಲ್ಲಿ ಎಷ್ಟು ದಾಖಲೆ?

ಪ್ರಶ್ನೆ: ನಮ್ಮ ಸಂಸ್ಥೆಯ ಕಾಲೇಜುಗಳು ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಯಲ್ಲಿವೆ. ನಾಲ್ಕೂ ಗ್ರಂಥಾಲಯಗಳು ಕಳೆದ ವರ್ಷ ಕೋಹಾ ಎಂಬ ಒಂದೇ ಗ್ರಂಥಾಲಯ ತಂತ್ರಾಂಶಕ್ಕೆ ಬಂದವು. ಹಳೆಯ ಕ್ಯಾಟಲಾಗುಗಳನ್ನು ಇದ್ದಂತೆಯೇ ಸೇರಿಸಿದ್ದರಿಂದ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಒಂದಕ್ಕೇ ಐದು ದಾಖಲೆಗಳು ಕಾಣಿಸುತ್ತಿವೆ. ಧಾರವಾಡದಲ್ಲಿ 1978ರಿಂದ 1995ರವರೆಗಿನ ಬೈಂಡ್ ಸಂಪುಟಗಳಿವೆ, ಗದಗಿನಲ್ಲಿ 2004ರಿಂದ ಈಚಿನ ಬಿಡಿ ಸಂಚಿಕೆಗಳಿವೆ. ಹುಬ್ಬಳ್ಳಿಯವರು ಅಂತರಜಾಲ ಆವೃತ್ತಿಗೆ ಚಂದಾ ಕಟ್ಟಿದ್ದಾರೆ ಮತ್ತು ಹಳೆಯ ಸಂಚಿಕೆಗಳನ್ನು ಜೆಸ್ಟೋರ್ ಎಂಬ ಅಂತರಜಾಲ ಭಂಡಾರದಲ್ಲಿ ಓದುತ್ತಾರೆ. ಹಾವೇರಿಯಲ್ಲಿ ಏನೂ ಇಲ್ಲ. ಎಲ್ಲವನ್ನೂ ಒಂದೇ ದಾಖಲೆಗೆ ತರಬೇಕೇ ಅಥವಾ ರೂಪಕ್ಕೊಂದು ದಾಖಲೆ ಇರಬೇಕೇ?
– ಗ್ರಂಥಪಾಲಕಿ, ಧಾರವಾಡ

ಉತ್ತರ: ನಿಮ್ಮ ಐದು ದಾಖಲೆಗಳು ಎರಡಾಗಬೇಕು. ಮುದ್ರಿತ ಆವೃತ್ತಿಗೆ ಒಂದು, ಅಂತರಜಾಲ ಆವೃತ್ತಿಗೆ ಒಂದು. ಎರಡಕ್ಕೂ ಪರಸ್ಪರ ಕೊಂಡಿ ಇರಬೇಕು.

ಎಲ್ಲವನ್ನೂ ಒಂದೇ ದಾಖಲೆಯಲ್ಲಿ ಇಡುವ ಪದ್ಧತಿ ತಪ್ಪೆಂದು ನಾನು ಹೇಳುವುದಿಲ್ಲ. ಮುದ್ರಿತ ಪ್ರತಿಯ ದಾಖಲೆಯಲ್ಲೇ 856ನೇ ಫೀಲ್ಡಿನಲ್ಲಿ (ಮಾರ್ಕ್ ಎಂಬ ಕ್ಯಾಟಲಾಗ್ ದಾಖಲೆಯ ಮಾದರಿಯಲ್ಲಿ ಪ್ರತಿಯೊಂದು ಬಗೆಯ ವಿವರಕ್ಕೂ ಇರುವ, ಸಂಖ್ಯೆ ಕೊಟ್ಟ ಜಾಗವೇ ಫೀಲ್ಡು) ಅಂತರಜಾಲದ ವಿಳಾಸ ಬರೆದಿಡುವ ಕ್ರಮವನ್ನು ದೊಡ್ಡ ಗ್ರಂಥಾಲಯಗಳೂ ಬಹುಕಾಲ ಅನುಸರಿಸಿವೆ. ಓದುಗನಿಗೆ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತದೆ ಎಂಬುದು ಅದರ ಗುಣ. ಹತ್ತಿಪ್ಪತ್ತು ನಿಯತಕಾಲಿಕಗಳಿರುವ, ಒಂದೇ ಕಟ್ಟಡದ ಗ್ರಂಥಾಲಯಕ್ಕೆ ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ನಾಲ್ಕು ಊರುಗಳು ಹಂಚಿಕೊಂಡಿರುವ ಕ್ಯಾಟಲಾಗಿನಲ್ಲಿ ಅದು ಬಾಳುವುದಿಲ್ಲ, ಏಕೆಂದರೆ ಈ ಎರಡು ರೂಪಗಳ ಆಯುಷ್ಯವೇ ಬೇರೆ. ಧಾರವಾಡದ ಕಪಾಟಿನಲ್ಲಿರುವ 1978ರ ಸಂಪುಟ ಗೆದ್ದಲು ಹತ್ತದಿದ್ದರೆ ಇನ್ನೂ ಐವತ್ತು ವರ್ಷ ಅಲ್ಲಿಯೇ ಇರುತ್ತದೆ. ಅಂತರಜಾಲದ ಹಕ್ಕು ಚಂದಾ ಮುಗಿದ ದಿನ ಹೋಗಬಹುದು. ಸರ್ಕಾರಿ ಸಂಸ್ಥೆಗಳಿಗಾಗಿ 2025ರ ಜನವರಿ 1ರಂದು ಆರಂಭವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯನ್ನೇ ನೋಡಿ. ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಅದು ಒಮ್ಮೆಲೇ ಒದಗಿಸುತ್ತದೆ, ಆದರೆ ಅದಕ್ಕೆ 6,000 ಕೋಟಿ ರೂಪಾಯಿ ಮಂಜೂರಾಗಿರುವುದು 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ. ಇಂಥ ಹಕ್ಕುಗಳ ದಾಖಲೆಗಳು ಸಾವಿರಗಟ್ಟಲೆ ಒಟ್ಟಿಗೆ ಬರುತ್ತವೆ, ಒಟ್ಟಿಗೇ ಹೋಗಬೇಕಾಗುತ್ತದೆ. ಕೋಹಾದಲ್ಲಿ ಮಾರ್ಕ್ ದಾಖಲೆಗಳನ್ನು ತಂಡವಾಗಿ ಏರಿಸಿದರೆ ಅದೇ ತಂಡವನ್ನು ಹಿಂದಕ್ಕೆ ತೆಗೆಯುವ ಸೌಲಭ್ಯವಿದೆ. ಅಂತರಜಾಲದ ದಾಖಲೆ ಪ್ರತ್ಯೇಕವಾಗಿದ್ದರೆ ಈ ಕೆಲಸ ಒಂದು ಗಂಟೆಯದು. ಮುದ್ರಿತ ಪ್ರತಿಯ ದಾಖಲೆಯೊಳಗೆ ಬೆರೆತಿದ್ದರೆ ಪ್ರತಿಯೊಂದನ್ನೂ ತೆರೆದು, ವಿಳಾಸವನ್ನು ಹುಡುಕಿ ಕೈಯಿಂದ ಅಳಿಸಬೇಕು. ಹಾಗೆ ಅಳಿಸುವ ಕೆಲಸವನ್ನು ಕೊನೆಯವರೆಗೆ ಮುಗಿಸಿದ ಗ್ರಂಥಾಲಯವನ್ನು ನಾನು ನೋಡಿಲ್ಲ.

ಇನ್ನು ಅಂತರಜಾಲದಲ್ಲಿ ಒದಗಿಸುವವರು ಎಷ್ಟೇ ಮಂದಿಯಿದ್ದರೂ ದಾಖಲೆ ಒಂದೇ ಇರಲಿ. ಪ್ರಕಾಶಕರ ಜಾಲತಾಣಕ್ಕೊಂದು, ಜೆಸ್ಟೋರ್‌ಗೊಂದು ಎಂದು ಬೇರೆ ಬೇರೆ ದಾಖಲೆ ಮಾಡಬೇಡಿ. ನಿಯತಕಾಲಿಕಗಳ ಸೂಚೀಕರಣದಲ್ಲಿ ಜಗತ್ತು ಮಾದರಿಯಾಗಿ ನೋಡುವ ಕಾನ್ಸರ್ ಎಂಬ ಗ್ರಂಥಾಲಯಗಳ ಸಹಕಾರ ಕೂಟ 2003ರಿಂದ ಇದೇ ನಿಯಮವನ್ನು ಪಾಲಿಸುತ್ತಿದೆ. ಎರಡು 856 ಫೀಲ್ಡುಗಳನ್ನು ಕೊಟ್ಟು, ಪ್ರತಿಯೊಂದರ ‘3’ ಉಪಫೀಲ್ಡಿನಲ್ಲಿ (ಫೀಲ್ಡಿನೊಳಗಿನ ಉಪವಿಭಾಗದಲ್ಲಿ) ಯಾವ ವರ್ಷಗಳ ಸಂಚಿಕೆಗಳು ಅಲ್ಲಿ ಸಿಗುತ್ತವೆ ಎಂದೂ, ‘ಝಡ್’ ಉಪಫೀಲ್ಡಿನಲ್ಲಿ ಯಾವ ಕಾಲೇಜಿನವರಿಗೆ ಪ್ರವೇಶವಿದೆ ಎಂದೂ ಬರೆಯಿರಿ. ಜೆಸ್ಟೋರ್‌ನಂಥ ಭಂಡಾರಗಳಲ್ಲಿ ತೀರ ಈಚಿನ ವರ್ಷಗಳ ಸಂಚಿಕೆಗಳು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ವರ್ಷಗಳನ್ನು ನಮೂದಿಸುವುದನ್ನು ಬಿಡಬಾರದು.

ಎರಡು ದಾಖಲೆಗಳನ್ನು ಕೂಡಿಸುವ ಕೊಂಡಿ ಐಎಸ್‌ಎಸ್‌ಎನ್, ಎಂದರೆ ನಿಯತಕಾಲಿಕಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಸಂಖ್ಯೆ. ನಮ್ಮ ಕ್ಯಾಟಲಾಗುಗಳಲ್ಲಿ ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಾರಪತ್ರಿಕೆಯ ಮುದ್ರಿತ ಆವೃತ್ತಿಯ ಸಂಖ್ಯೆ 0012-9976, ಅಂತರಜಾಲ ಆವೃತ್ತಿಯದು 2349-8846. ಮುದ್ರಿತ ದಾಖಲೆಯ 022ನೇ ಫೀಲ್ಡಿನ ‘ಎ’ ಉಪಫೀಲ್ಡಿನಲ್ಲಿ ಮೊದಲನೆಯದು ಮಾತ್ರ, ಅಂತರಜಾಲದ ದಾಖಲೆಯ ಅದೇ ಜಾಗದಲ್ಲಿ ಎರಡನೆಯದು ಮಾತ್ರ ಬರಬೇಕು. ಇನ್ನೊಂದು ರೂಪದ ಸಂಖ್ಯೆಯನ್ನು 776ನೇ ಫೀಲ್ಡಿನ ‘ಎಕ್ಸ್’ ಉಪಫೀಲ್ಡಿನಲ್ಲಿ, ಶೀರ್ಷಿಕೆ ಮತ್ತು ದಾಖಲೆ ಸಂಖ್ಯೆಯ ಜೊತೆಗೆ ಕೊಡಬೇಕು. ಇವೆರಡೂ ಒಂದೇ ಪತ್ರಿಕೆಯ ರೂಪಗಳು ಎಂದು ಯಂತ್ರಕ್ಕೆ ತಿಳಿಸುವ ಐಎಸ್‌ಎಸ್‌ಎನ್-ಎಲ್ ಎಂಬ ಸಂಪರ್ಕ ಸಂಖ್ಯೆ 2007ರ ಪರಿಷ್ಕೃತ ಮಾನಕದಲ್ಲಿ ಬಂದಿತು. ಎರಡೂ ದಾಖಲೆಗಳ 022ರ ‘ಎಲ್’ ಉಪಫೀಲ್ಡಿನಲ್ಲಿ ಒಂದೇ ಸಂಖ್ಯೆ, ಇಲ್ಲಿ 0012-9976, ಇರಬೇಕು.

ಎರಡೂ ಸಂಖ್ಯೆಗಳನ್ನು ಒಂದೇ ದಾಖಲೆಯ ‘ಎ’ ಉಪಫೀಲ್ಡಿನಲ್ಲಿ ತುಂಬಿದರೆ ಆಗುವ ಅನಾಹುತ ಆಗ ಕಾಣುವುದಿಲ್ಲ. ಮುಂದೆ ಯಾರೋ ಅಂತರಜಾಲ ನಿಯತಕಾಲಿಕಗಳ ದಾಖಲೆಗಳನ್ನು ಏರಿಸುವಾಗ ಐಎಸ್‌ಎಸ್‌ಎನ್ ಹೊಂದಾಣಿಕೆಯ ನಿಯಮವನ್ನು ಆರಿಸಿ, ಹೊಂದಿದ ದಾಖಲೆಯನ್ನು ಬದಲಿಸುವಂತೆ ಆದೇಶ ಕೊಟ್ಟರೆ, ನೀವು ಎಚ್ಚರದಿಂದ ಮಾಡಿದ ಮುದ್ರಿತ ಪ್ರತಿಯ ವಿವರಣೆಯ ಮೇಲೆ ಹೊಸ ದಾಖಲೆ ಬಂದು ಕೂರುತ್ತದೆ. ಸಂಖ್ಯೆಯನ್ನು ಬೆರಳಚ್ಚಿಸುವಾಗ ತಪ್ಪಿದರೂ ಕೊಂಡಿ ಕಳಚುತ್ತದೆ. ಅದನ್ನು ಪರೀಕ್ಷಿಸುವ ಲೆಕ್ಕ ಸುಲಭ: ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, ಮೊತ್ತವನ್ನು 11ರಿಂದ ಭಾಗಿಸಿ ಉಳಿದ ಶೇಷವನ್ನು 11ರಲ್ಲಿ ಕಳೆದರೆ ಕೊನೆಯ ಅಂಕಿ ಬರುತ್ತದೆ. 0012-997ಕ್ಕೆ ಮೊತ್ತ 93, ಶೇಷ 5, ಆದ್ದರಿಂದ ಕೊನೆಯ ಅಂಕಿ 6. ಉತ್ತರ 10 ಬಂದರೆ ಎಕ್ಸ್ ಅಕ್ಷರವನ್ನೂ ಶೇಷ ಸೊನ್ನೆಯಾದರೆ ಸೊನ್ನೆಯನ್ನೂ ಬರೆಯುತ್ತಾರೆ.

ಈಗ ಐದನ್ನು ಎರಡು ಮಾಡುವ ಕೆಲಸ. ಮುದ್ರಿತ ಪ್ರತಿಯ ದಾಖಲೆಗಳಲ್ಲಿ ಅತ್ಯಂತ ಪೂರ್ಣವಾದುದನ್ನು ಆರಿಸಿಕೊಂಡು ಉಳಿದವನ್ನು ಕೋಹಾದ ವಿಲೀನ ಸೌಲಭ್ಯದಿಂದ ಅದರೊಳಗೆ ಸೇರಿಸಿ. ಪ್ರತಿಗಳೂ ಚಂದಾ ವಿವರಗಳೂ ಉಳಿಯುವ ದಾಖಲೆಗೆ ಬರುತ್ತವೆ. ವಿಲೀನಕ್ಕೆ ಮೊದಲು ಪ್ರತಿ ದಾಖಲೆಯನ್ನೂ ಮುದ್ರಿಸಿಟ್ಟುಕೊಳ್ಳಿ, ಏಕೆಂದರೆ ಬಿಟ್ಟುಹೋದ ಟಿಪ್ಪಣಿ ಮತ್ತೆ ಸಿಗುವುದಿಲ್ಲ. ಗದಗಿನ ಚಂದಾ ಗದಗಿನ ಹೆಸರಿನಲ್ಲೇ ಇರಲಿ. ಕೋಹಾದಲ್ಲಿ ಒಂದು ದಾಖಲೆಯ ಅಡಿಯಲ್ಲಿ ಎಷ್ಟು ಗ್ರಂಥಾಲಯಗಳ ಚಂದಾವನ್ನಾದರೂ ಇಡಬಹುದು.

ದಾಖಲೆ ಒಂದೋ ಎರಡೋ ಎಂಬ ಚರ್ಚೆಯಲ್ಲಿ ನಾವು ಖರ್ಚು ಮಾಡುವ ಶ್ರಮದ ಅರ್ಧವನ್ನಾದರೂ ಸಂಗ್ರಹದ ವಿವರಕ್ಕೆ, ಎಂದರೆ ಯಾವ ಸಂಪುಟ ಎಲ್ಲಿದೆ ಮತ್ತು ಯಾವುದು ಇಲ್ಲ ಎಂಬ ಬರಹಕ್ಕೆ, ಕೊಡಬೇಕೆಂದು ನನ್ನ ಮನವಿ. ಹಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಸಂಶೋಧನಾ ವಿದ್ಯಾರ್ಥಿಯೊಬ್ಬ ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯಕ್ಕೆ ಬಂದಿದ್ದ. ಬೆಳಿಗ್ಗೆ ಐದಕ್ಕೆ ಎದ್ದು, ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಒಂದು ಲೇಖನಕ್ಕಾಗಿ ಧಾರವಾಡ ತಲುಪಿದ್ದ. ನಮ್ಮ ಕ್ಯಾಟಲಾಗಿನಲ್ಲಿ ಆ ಪತ್ರಿಕೆಯ ಮುಂದೆ ಒಂದು ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ ಜಾಗ ಇತ್ತು. ಅಲ್ಲಿಂದ ಇಂದಿನವರೆಗೆ ಎಲ್ಲವೂ ಇದೆ ಎಂದು ಅವನು ಓದಿಕೊಂಡಿದ್ದ, ಹಾಗೆ ಓದಿಕೊಂಡದ್ದು ಸರಿಯೂ ಆಗಿತ್ತು. ಅವನಿಗೆ ಬೇಕಿದ್ದ ಸಂಪುಟ ನಮ್ಮಲ್ಲಿ ಎಂದೂ ಬಂದಿರಲಿಲ್ಲ. ಅದು ಬಂದಿಲ್ಲವೆಂಬುದು ನಮ್ಮ ನೋಂದಣಿ ಪುಸ್ತಕದಲ್ಲಿ ಇತ್ತು, ಕ್ಯಾಟಲಾಗಿನಲ್ಲಿ ಇರಲಿಲ್ಲ. ಅಂದಿನಿಂದ, ಕೊರತೆಯನ್ನು ಬರೆಯದ ಸಂಗ್ರಹ ವಿವರವನ್ನು ನಾನು ಅಪೂರ್ಣವೆಂದೇ ಎಣಿಸುತ್ತೇನೆ.

ಆದ್ದರಿಂದ ಧಾರವಾಡದ ಸಂಗ್ರಹವನ್ನು ‘1978–1995’ ಎಂದಷ್ಟೇ ಬರೆಯದೆ, ‘ಸಂ. 13 (1978)–ಸಂ. 30 (1995)’ ಎಂದು ಸಂಪುಟ ಮತ್ತು ವರ್ಷ ಎರಡನ್ನೂ ಕೊಟ್ಟು, ಕಪಾಟಿನ ಮುಂದೆ ನಿಂತು ಎಣಿಸಿದ ಮೇಲೆ ಕಂಡ ಕೊರತೆಗಳನ್ನು ಅದರ ಮುಂದೆಯೇ ಸೇರಿಸಿ. ಹಳೆಯ ನೋಂದಣಿ ಪುಸ್ತಕದಿಂದ ನಕಲು ಮಾಡಬೇಡಿ. ಒಂದು ಬೈಂಡಿನೊಳಗೆ ನಾಲ್ಕು ಸಂಚಿಕೆ ಇಲ್ಲದಿದ್ದರೂ ಬೆನ್ನಿನ ಮೇಲಿನ ಚಿನ್ನದ ಅಕ್ಷರ ಪೂರ್ಣ ಸಂಪುಟವೆಂದೇ ಹೇಳುತ್ತಿರುತ್ತದೆ, ಹಾಗಾಗಿ ಸಂಪುಟವನ್ನು ಬಿಚ್ಚಿ ನೋಡಬೇಕು. ಈ ವಿವರವನ್ನು 866ನೇ ಫೀಲ್ಡಿನಲ್ಲಿ ಗ್ರಂಥಾಲಯದ ಹೆಸರಿನೊಡನೆ ಬರೆಯಿರಿ, ಇಲ್ಲವೇ ಚಂದಾ ದಾಖಲೆಯ ಇತಿಹಾಸದಲ್ಲಿ ಬಂದ ಸಂಚಿಕೆ ಮತ್ತು ಬಾರದ ಸಂಚಿಕೆಗಳ ಜಾಗದಲ್ಲಿ ಬರೆಯಿರಿ. ಆದರೆ ನಾಲ್ಕೂ ಗ್ರಂಥಾಲಯಗಳು ಒಂದೇ ಜಾಗವನ್ನು ಬಳಸುವುದೆಂದು ಮೊದಲೇ ಒಪ್ಪಿಕೊಳ್ಳಿ. ಹಾವೇರಿಯ ಓದುಗರಿಗೆ ಹುಬ್ಬಳ್ಳಿಯ ಚಂದಾ ಅನ್ವಯಿಸುತ್ತದೆಯೇ ಎಂಬುದನ್ನು ಪರವಾನಗಿ ಪತ್ರ ಹೇಳುತ್ತದೆ. ಅನ್ವಯಿಸದಿದ್ದರೆ ಅಂತರಜಾಲದ ಕೊಂಡಿಯ ಪಕ್ಕದಲ್ಲಿ ಹಾಗೆಂದು ಬರೆದು, ಧಾರವಾಡ ಅಥವಾ ಗದಗಿನ ಮುದ್ರಿತ ಸಂಚಿಕೆಯಿಂದ ಲೇಖನದ ಪ್ರತಿ ತರಿಸಿಕೊಡುವ ಏರ್ಪಾಡು ಮಾಡಿ.

ಪ್ರಶ್ನೆ: ನಮ್ಮಲ್ಲಿ ‘ಎಕನಾಮಿಕ್ ವೀಕ್ಲಿ’ ಹೆಸರಿನ ಹಳೆಯ ಸಂಪುಟಗಳಿವೆ. ಅವನ್ನು ಈಗಿನ ಹೆಸರಿನ ದಾಖಲೆಗೇ ಸೇರಿಸಬಹುದೇ? ಕನ್ನಡ ಪತ್ರಿಕೆಗಳಲ್ಲಿ ‘ಕರ್ಣಾಟಕ’ ಎಂದಿದ್ದುದು ‘ಕರ್ನಾಟಕ’ ಆದಾಗಲೂ ಹೊಸ ದಾಖಲೆ ಬೇಕೇ?
– ಗ್ರಂಥಾಲಯ ಸಹಾಯಕ, ಗದಗ

ಉತ್ತರ: ಮೊದಲನೆಯದಕ್ಕೆ ಪ್ರತ್ಯೇಕ ದಾಖಲೆ ಬೇಕು. ‘ಎಕನಾಮಿಕ್ ವೀಕ್ಲಿ’ 1949ರಲ್ಲಿ ಆರಂಭವಾಗಿ 1965ರ ಕೊನೆಗೆ ನಿಂತಿತು. 1966ರ ಆಗಸ್ಟಿನಲ್ಲಿ ಹೊಸ ಹೆಸರಿನ ಪತ್ರಿಕೆ ಮೊದಲ ಸಂಪುಟದಿಂದ ಹೊರಟಿತು. ಹಳೆಯದರಲ್ಲಿ 785, ಹೊಸದರಲ್ಲಿ 780ನೇ ಫೀಲ್ಡನ್ನು ಕೊಟ್ಟು ಎರಡನ್ನೂ ಜೋಡಿಸಿ. ಶೀರ್ಷಿಕೆಯ ಮೊದಲ ಐದು ಪದಗಳಲ್ಲಿ ಪದ ಸೇರಿದರೆ, ಬಿಟ್ಟುಹೋದರೆ ಅಥವಾ ಬದಲಾದರೆ ಅದು ಸಾಮಾನ್ಯವಾಗಿ ದೊಡ್ಡ ಬದಲಾವಣೆ, ಅದಕ್ಕೆ ಹೊಸ ದಾಖಲೆ ಬೇಕು.

ಎರಡನೆಯದಕ್ಕೆ ಬೇಡ. ಅದೇ ಪದದ ಕಾಗುಣಿತ ಬದಲಾದರೆ ಅದು ಸಣ್ಣ ಬದಲಾವಣೆಯೆಂದೇ ಸೂಚೀಕರಣದ ನಿಯಮ ಹೇಳುತ್ತದೆ. ಇನ್ನೊಂದು ರೂಪವನ್ನು 246ನೇ ಫೀಲ್ಡಿನಲ್ಲಿ ಬರೆದರೆ ಯಾವ ಕಾಗುಣಿತದಲ್ಲಿ ಹುಡುಕಿದರೂ ಸಿಗುತ್ತದೆ. ರೋಮನ್ ಲಿಪಿಯಲ್ಲಿ ಮಾಡಿದ ಹಳೆಯ ದಾಖಲೆಗಳಿಗೆ ಕನ್ನಡ ಲಿಪಿಯ ಶೀರ್ಷಿಕೆಯನ್ನು 880ನೇ ಫೀಲ್ಡಿನಲ್ಲಿ ಸೇರಿಸುವ ಕೆಲಸವನ್ನೂ ಇದೇ ಸಮಯಕ್ಕೆ ಮಾಡಿಬಿಡಿ. ಕನ್ನಡ ಪತ್ರಿಕೆಯನ್ನು ಕನ್ನಡದಲ್ಲಿ ಬೆರಳಚ್ಚಿಸಿದ ಓದುಗನಿಗೆ ಅದು ಸಿಗದಿರುವುದು ನಮ್ಮ ಭಾಗದ ಕ್ಯಾಟಲಾಗುಗಳಲ್ಲಿ ಇಂದಿಗೂ ಉಳಿದಿರುವ ಕೊರತೆ, ನನಗೆ ಬಹಳ ನೋವು ಕೊಡುವ ಕೊರತೆ.

ಪ್ರಶ್ನೆ: ಹಳೆಯ ಕನ್ನಡ ಮಾಸಪತ್ರಿಕೆಗಳ ಸಂಪುಟಗಳನ್ನು ನಾವೇ ಸ್ಕ್ಯಾನ್ ಮಾಡಿಸಿದ್ದೇವೆ. ಆ ಪಿಡಿಎಫ್ ಕಡತಗಳಿಗೂ ಬೇರೆ ದಾಖಲೆ ಮಾಡಬೇಕೇ?
– ಗ್ರಂಥಪಾಲಕ, ಹುಬ್ಬಳ್ಳಿ

ಉತ್ತರ: ಮಾಡಬೇಕಿಲ್ಲ. ಮೇಲೆ ನಾನು ಹೇಳಿದ ನಿಯಮಕ್ಕೆ ಇದು ವಿರುದ್ಧವಲ್ಲ. ಬರುವ ಹೋಗುವ ಚಂದಾ ಇಲ್ಲಿ ಇಲ್ಲ, ಸ್ಕ್ಯಾನ್ ಮಾಡಿದ ಪ್ರತಿ ನಿಮ್ಮ ಸಂಪುಟದ ನೆರಳಿನಂತೆ ಅದರ ಜೊತೆಯಲ್ಲೇ ಇರುತ್ತದೆ. ಮುದ್ರಿತ ಪ್ರತಿಯ ದಾಖಲೆಯಲ್ಲೇ 856ನೇ ಫೀಲ್ಡನ್ನು, ಎರಡನೆಯ ಸೂಚಕ 1 ಇಟ್ಟು (ಕೊಂಡಿ ಅದೇ ಕೃತಿಯ ಇನ್ನೊಂದು ರೂಪದ್ದು ಎಂಬ ಗುರುತು ಅದು), ಸೇರಿಸಿದರೆ ಸಾಕು. ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ಆರಂಭಿಸಿದ ‘ವಾಗ್ಭೂಷಣ’, ಆಲೂರು ವೆಂಕಟರಾಯರು 1922ರಲ್ಲಿ ಹೊರಡಿಸಿದ ‘ಜಯ ಕರ್ನಾಟಕ’ದಂಥ ಪತ್ರಿಕೆಗಳ ಕಾಲಕ್ಕೆ ಐಎಸ್‌ಎಸ್‌ಎನ್ ಇರಲೇ ಇಲ್ಲ, ಅದರ ಮಾನಕ ಬಂದದ್ದು 1975ರಲ್ಲಿ. ಹೀಗಾಗಿ ಇವುಗಳ ಬೇರೆ ಬೇರೆ ದಾಖಲೆಗಳನ್ನು ಯಂತ್ರ ತಾನಾಗಿ ಗುರುತಿಸಿ ಜೋಡಿಸಲಾರದು, ಶೀರ್ಷಿಕೆ, ಪ್ರಕಟಣೆಯ ಊರು ಮತ್ತು ಆರಂಭದ ವರ್ಷ ಇವುಗಳನ್ನೇ ನೆಚ್ಚಬೇಕು. ಈ ಮೂರನ್ನೂ ಸಂಚಿಕೆಯ ಮುಖಪುಟದಿಂದಲೇ ತೆಗೆದುಕೊಳ್ಳಿ, ಮತ್ತು ನಿಮ್ಮ ವಿವರಣೆ ಯಾವ ಸಂಚಿಕೆಯನ್ನು ನೋಡಿ ಬರೆದದ್ದು ಎಂಬುದನ್ನು 588ನೇ ಫೀಲ್ಡಿನಲ್ಲಿ ನಮೂದಿಸಿ. ಸ್ಕ್ಯಾನ್ ಮಾಡುವಾಗ ಹರಿದುಹೋದ ಅಥವಾ ಕಾಣೆಯಾದ ಪುಟಗಳು ಸಿಕ್ಕಿದ್ದರೆ ಆ ಪುಟಗಳ ಸಂಖ್ಯೆಯನ್ನೂ ಕಡತದ ಕೊಂಡಿಯ ಪಕ್ಕದಲ್ಲಿ ಬರೆಯಿರಿ. ಅದೇ ಸಂಚಿಕೆಯ ಇನ್ನೊಂದು ಪ್ರತಿ ಧಾರವಾಡದಲ್ಲೋ ಗದಗಿನಲ್ಲೋ ಇದ್ದರೆ ಆ ಪುಟಗಳನ್ನು ಅಲ್ಲಿಂದ ತುಂಬಿಸಿಕೊಳ್ಳಬಹುದು.